ಡೀಯಲ್ ದೊರೆಯ ಊರು ಯಾವುದು? ಸ್ಕಾಟ್ಲೆಂಡಿನ ಪೂರ್ವಜರನ್ನು ಹುಡುಕುವವರಿಗೆ

ಪ್ರಶ್ನೆ: ನಾನು ಕೊಡಗಿನವಳು, ವಯಸ್ಸು ಅರವತ್ತಾರು. ನನ್ನ ಅಜ್ಜಿಯ ತಾಯಿ ಹುಟ್ಟಿದ್ದು 1874ರಲ್ಲಿ. ಅವರ ತಂದೆ ಕಾಫಿ ತೋಟದ ದೊರೆ, ಸ್ಕಾಟ್ಲೆಂಡಿನವರು, ಹೆಸರು ಜಾನ್. ಮನೆಯಲ್ಲಿ ಎಲ್ಲರೂ 'ಡೀಯಲ್ ದೊರೆ' ಎನ್ನುತ್ತಿದ್ದರು. ಮುತ್ತಜ್ಜಿಯ ದೀಕ್ಷಾಸ್ನಾನದ ದಾಖಲೆಯಲ್ಲಿ ಇಂಗ್ಲಿಷಿನಲ್ಲಿ 'ಡೀಲ್' ಎಂದಿದೆ, ತಾಯಿಯ ಹೆಸರಿನ ಜಾಗ ಖಾಲಿ. ಆ ಕಾಲದ ಪ್ಲಾಂಟರುಗಳ ಪಟ್ಟಿಯೊಂದರಲ್ಲಿ ಅದೇ ತೋಟದ ಎದುರು 'ಡಾಲ್ಜೆಲ್' ಎಂದಿದೆ. ಮುತ್ತಜ್ಜಿಯ ಹೆಸರಿನ ನಡುವೆ 'ಹ್ಯಾಮಿಲ್ಟನ್' ಅಂತ ಸೇರಿಕೊಂಡಿದೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ದೊರೆ 1880ರ ಆಸುಪಾಸಿನಲ್ಲಿ ನಲವತ್ತು ವಯಸ್ಸಿಗೆಲ್ಲ ಜ್ವರದಿಂದ ತೀರಿಕೊಂಡರಂತೆ. 'ಡೀಲ್' ಎಂದು ಹುಡುಕಿ ಹುಡುಕಿ ಸೋತೆ. ನನ್ನ ತಮ್ಮ, ಅವರು ಸುಳ್ಳು ಹೆಸರು ಹೇಳಿಕೊಂಡು ಬಂದವರಿರಬೇಕು ಎನ್ನುತ್ತಾನೆ. ಮುಂದೆ ಹೋಗಲು ದಾರಿ ಇದೆಯೇ?

ಉತ್ತರ: ದಾರಿ ಖಂಡಿತ ಇದೆ. ಮೊದಲು ನಿಮ್ಮ ತಮ್ಮನ ಅನುಮಾನ ಬಗೆಹರಿಸಿಬಿಡೋಣ. ಆ ದೊರೆ ಸುಳ್ಳು ಹೆಸರು ಹೇಳಿಕೊಂಡಂತೆ ನನಗೆ ಕಾಣುವುದಿಲ್ಲ. ನೀವು ಕೊಟ್ಟ ಮೂರು ರೂಪಗಳಲ್ಲಿ ಅತ್ಯಂತ ನಂಬಿಕಸ್ತವಾದದ್ದು ಮನೆಯವರ ಬಾಯಲ್ಲಿ ಉಳಿದ 'ಡೀಯಲ್'. ಸ್ಕಾಟ್ಲೆಂಡಿನಲ್ಲಿ ಡಿ, ಎ, ಎಲ್, ಜೆಡ್, ಐ, ಇ, ಎಲ್ ಎಂಬ ಅಕ್ಷರಗಳಲ್ಲಿ ಬರೆಯುವ ಮನೆತನದ ಹೆಸರೊಂದಿದೆ. ಅಕ್ಷರ ಕೂಡಿಸಿ ಓದಿದರೆ ಡಾಲ್ಜಿಯೆಲ್ ಆಗುತ್ತದೆ. ಆದರೆ ಅಲ್ಲಿಯ ಜನ ಅದನ್ನು ಹೇಳುವುದು 'ಡೀಯೆಲ್' ಎಂದೇ. ನಡುವಿನ ಎಲ್ ಕೇಳಿಸುವುದಿಲ್ಲ, ಜೆಡ್ ಅಂತೂ ಇಲ್ಲವೇ ಇಲ್ಲ. ನಿಮ್ಮ ಹಿರಿಯರು ಕಾಗದ ನೋಡಿ ಈ ಹೆಸರು ಕಲಿತಿದ್ದರೆ 'ಡಾಲ್ಜೆಲ್ ದೊರೆ' ಎನ್ನುತ್ತಿದ್ದರು. ಅವರು ಆ ಮನುಷ್ಯನ ಬಾಯಿಂದಲೇ ಕೇಳಿದ್ದಾರೆ. ದೀಕ್ಷಾಸ್ನಾನದ ಪಾದ್ರಿಯೂ ಕೇಳಿಯೇ 'ಡೀಲ್' ಎಂದು ಬರೆದಿದ್ದಾರೆ. ಪ್ಲಾಂಟರುಗಳ ಪಟ್ಟಿ ಮಾಡಿದವರಿಗೆ ಮಾತ್ರ ಬರಹದ ರೂಪ ಸಿಕ್ಕಿದೆ. ಮೂರೂ ಒಬ್ಬರೇ ಎನ್ನಲು ತೋಟದ ಹೆಸರು ಸಾಕ್ಷಿ ಇದೆ.

ಇಲ್ಲದ ಜೆಡ್ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡರೆ ಹುಡುಕಾಟಕ್ಕೆ ನೇರ ಪ್ರಯೋಜನವಿದೆ. ಹಳೆಯ ಸ್ಕಾಟ್ಸ್ ಬರಹದಲ್ಲಿ 'ಯೋಖ್' ಎಂಬ ಅಕ್ಷರವಿತ್ತು, ನೋಡಲು ಬಾಲವಿರುವ 3ರ ಹಾಗೆ. ಅದು 'ಯ'ಕಾರಕ್ಕೆ ಹತ್ತಿರದ ಧ್ವನಿ. ಎಲ್ ಜೊತೆ ಬಂದರೆ ಹೆಚ್ಚುಕಡಿಮೆ ನಮ್ಮ 'ಲ್ಯ', ಎನ್ ಜೊತೆ ಬಂದರೆ ನಮ್ಮ 'ಞ'. ಮುದ್ರಣ ಬಂದಾಗ ಅಚ್ಚಿನ ಮನೆಗಳಲ್ಲಿ ಯೋಖ್‌ಗೆ ಮೊಳೆ ಇರಲಿಲ್ಲ, ನೋಡಲು ಹತ್ತಿರವಿದ್ದ ಜೆಡ್ ಹಾಕಿದರು. ಅದೇ ಉಳಿದುಕೊಂಡಿತು. ಮೆನ್ಜೀಸ್ ಎಂದು ನಾವು ಓದುವ ಹೆಸರು ಅಲ್ಲಿ 'ಮಿಂಗಿಸ್' ಆಗುವುದು ಇದೇ ಕಾರಣಕ್ಕೆ. ಕೈಫಿಯತ್ತುಗಳಿಂದಾಗಿ ಕನ್ನಡಿಗರಿಗೆಲ್ಲ ಪರಿಚಯವಿರುವ, ಮೈಸೂರನ್ನು ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟೋರ್ನೊವೇಯಲ್ಲಿ ಹುಟ್ಟಿದವರು. ಅವರ ಹೆಸರಿನ ಜೆಡ್ ಕೂಡ ಮೂಲದಲ್ಲಿ ಯೋಖ್. ಅಲ್ಲಿ ಬರಹವೇ ಗೆದ್ದು ಉಚ್ಚಾರವನ್ನು ಬದಲಿಸಿತು, ಡೀಯೆಲ್‌ನಲ್ಲಿ ಉಚ್ಚಾರ ಹಾಗೇ ನಿಂತಿತು.

ನಿಮ್ಮ ಹುಡುಕಾಟಕ್ಕೆ ಇದರಿಂದ ಏನು ಸಿಗುತ್ತದೆಂದರೆ, ಜೆಡ್ ಇರುವ ಕಡೆ ವೈ ಇರಬಹುದು, ಎರಡೂ ಇಲ್ಲದಿರಬಹುದು, ಅವಸರದ ಕೈಬರಹದಲ್ಲಿ ಬಾಲವಿರುವ ಜೆಡ್ಡನ್ನು ಸೂಚಿ ಮಾಡಿದವರು ಜಿ ಎಂದು ಓದಿರಬಹುದು. ಡಾಲ್ಜಿಯೆಲ್, ಡಾಲ್ಜೆಲ್, ಡಾಲ್ಯೆಲ್, ಶೆಟ್ಲೆಂಡ್ ದ್ವೀಪಗಳ ಡೆಯೆಲ್, ಕೊನೆಯಲ್ಲಿ ಒಂದು ಎಲ್, ಎರಡು ಎಲ್, ಹೀಗೆ ಬೆಳೆಯುತ್ತಾ ಹೋಗುತ್ತದೆ. ಇವರೆಲ್ಲ ಬೇರೆ ಬೇರೆ ಮನೆತನ ಎಂದುಕೊಳ್ಳಬೇಡಿ. ಗ್ಲಾಸ್ಗೋದ ಆಗ್ನೇಯಕ್ಕೆ ಲಾನಾರ್ಕ್‌ಶೈರಿನಲ್ಲಿ ಮದರ್‌ವೆಲ್ ಪಟ್ಟಣವಿದೆ. ಅಲ್ಲಿಯ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆಯ, ಹೆಸರು ಬರೆಯುವುದು ಡಾಲ್ಜಿಯೆಲ್, ಅದೇ ನೆಲದ ಹಳೆಯ ಜಹಗೀರು ಮನೆಯ ಹೆಸರು ಬರೆಯುವುದು ಡಾಲ್ಜೆಲ್. ಮನೆತನದ ಹೆಸರು ಹುಟ್ಟಿದ್ದು ಈ ಜಾಗದಿಂದ. ಕಾರ್ನ್‌ವತ್‌ನ ಅರ್ಲ್‌ಗಳು ಡಾಲ್ಜೆಲ್ ಎಂದು ಬರೆದುಕೊಂಡರು. 1681ರಲ್ಲಿ ಸ್ಕಾಟ್ಸ್ ಗ್ರೇಸ್ ಎಂಬ ಕುದುರೆ ದಳ ಕಟ್ಟಿದ, ಬಿನ್ಸ್ ಎಂಬ ಜಹಗೀರು ಮನೆಯ ಜನರಲ್ ಟಾಮ್, ವೈ ಹಾಕಿ ಡಾಲ್ಯೆಲ್ ಆದರು. ಅದೇ ಹೆಸರಿನ, ನಮ್ಮ ಕಾಲದಲ್ಲಿ ಬ್ರಿಟನ್ನಿನ ಸಂಸದರಾಗಿದ್ದ ಟಾಮ್ ಡಾಲ್ಯೆಲ್ ಕೂಡ ಅದೇ ಬಿನ್ಸ್ ಮನೆಯವರು. ಓದು ಬಲ್ಲ ದೊಡ್ಡ ಮನೆಗಳಲ್ಲೇ ಹೀಗಿದ್ದರೆ, ಪ್ಯಾರಿಷ್ ಗುಮಾಸ್ತನ ಎದುರು ಬಾಯಲ್ಲಿ ಹೆಸರು ಹೇಳಿ ಬರುತ್ತಿದ್ದ ಒಕ್ಕಲಿನವರ ಮನೆಯಲ್ಲಿ ಅಣ್ಣನದೊಂದು, ತಮ್ಮನದೊಂದು ರೂಪ ಇದ್ದರೆ ಆಶ್ಚರ್ಯವಿಲ್ಲ. 1872ರ ಶಿಕ್ಷಣ ಕಾಯಿದೆ ಬಂದು ಮಕ್ಕಳೆಲ್ಲ ಕಡ್ಡಾಯವಾಗಿ ಶಾಲೆಗೆ ಹೋಗತೊಡಗಿದ ಮೇಲೆ ಮನೆಗೊಂದು ಕಾಗುಣಿತ ಗಟ್ಟಿಯಾಯಿತು. ನಿಮ್ಮ ಜಾನ್ ಅದಕ್ಕೆ ಮುಂಚಿನವರು.

ಆದ್ದರಿಂದ 'ಸರಿಯಾದ ಕಾಗುಣಿತ ಯಾವುದು' ಎಂಬ ಪ್ರಶ್ನೆಯನ್ನು ಇವತ್ತೇ ಕೈಬಿಡಿ. ಅದಕ್ಕೆ ಉತ್ತರವೂ ಇಲ್ಲ, ಉಪಯೋಗವೂ ಇಲ್ಲ. ಇಂಥ ಹುಡುಕಾಟದಲ್ಲಿ ಮನೆತನದ ಹೆಸರೇ ಎಲ್ಲಕ್ಕಿಂತ ದುರ್ಬಲವಾದ ಹಿಡಿ. ಮೊದಲ ಹೆಸರು, ತಾಯಿಯ ತವರಿನ ಹೆಸರು, ಪ್ಯಾರಿಷ್, ಕಸುಬು, ಒಡಹುಟ್ಟಿದವರು, ಇವೆಲ್ಲ ಅದಕ್ಕಿಂತ ಗಟ್ಟಿ.

ಆದರೂ ಹೆಸರಿನಿಂದ ಹುಡುಕದೆ ಗತಿಯಿಲ್ಲವಾದ್ದರಿಂದ ಒಂದು ಎಚ್ಚರಿಕೆ. ಸ್ಕಾಟ್ಲೆಂಡಿನ ಸರ್ಕಾರಿ ವಂಶಾವಳಿ ಜಾಲತಾಣ ಸ್ಕಾಟ್ಲೆಂಡ್ಸ್‌ಪೀಪಲ್. ಸೂಚಿ ಹುಡುಕಲು ದುಡ್ಡಿಲ್ಲ, ದಾಖಲೆಯ ಚಿತ್ರ ನೋಡಲು ಕೊಡಬೇಕು. ಅಲ್ಲಿ 'ಧ್ವನಿಗೆ ಹೊಂದುವ ಹೆಸರು' ಎಂಬ ಆಯ್ಕೆ ಇದೆ. ಎಲ್ಲ ರೂಪಗಳೂ ಅದರಲ್ಲಿ ಬಂದುಬಿಡುತ್ತವೆ ಎಂದು ಬಹಳ ಮಂದಿ ನಂಬುತ್ತಾರೆ. ಇಂಥ ಆಯ್ಕೆಗಳಿಗೆ ಮಾದರಿ ಸೌಂಡೆಕ್ಸ್ ಎಂಬ ಹಳೆಯ ಅಮೆರಿಕನ್ ಪದ್ಧತಿ: ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಜೆಡ್ ಇರುವ ಡಾಲ್ಜಿಯೆಲ್‌ಗೆ ಡಿ424 ಬರುತ್ತದೆ, ಡಾಲ್ಯೆಲ್‌ಗೆ ಡಿ440, ಡೆಯೆಲ್ ಮತ್ತು ಡೀಲ್‌ಗೆ ಡಿ400. ಅದು ಕಣ್ಣಿಗೆ ಕಾಣುವ ಅಕ್ಷರ ಎಣಿಸುತ್ತದೆಯೇ ಹೊರತು ಕಿವಿಗೆ ಕೇಳುವುದನ್ನಲ್ಲ. ಕೇಳಿಸದ ಜೆಡ್ ಇರುವ ಹೆಸರಿನಲ್ಲಿ ಅದು ಎಡವುವುದು ಇಲ್ಲೇ. ನೀವು 'ಡೀಲ್' ಕೊಟ್ಟು ಎಷ್ಟು ಹುಡುಕಿದರೂ ಡಾಲ್ಜಿಯೆಲ್ ಬಾರದಿದ್ದದ್ದಕ್ಕೆ ಕಾರಣವೂ ಇದೇ ಇರಬೇಕು. ಬದಲಿಗೆ 'ಇಲ್ಲಿ ಯಾವ ಅಕ್ಷರ ಎಷ್ಟಿದ್ದರೂ ಸರಿ' ಎಂದು ಹೇಳುವ ನಕ್ಷತ್ರ ಚಿಹ್ನೆ ಬಳಸಿ. ಡಿ, ಎ, ಎಲ್ ಬರೆದು, ನಕ್ಷತ್ರ ಹಾಕಿ, ಕೊನೆಗೆ ಎಲ್ ಬರೆದು, ಅದರ ಮುಂದೆ ಇನ್ನೊಂದು ನಕ್ಷತ್ರ ಹಾಕಿ. ಆಮೇಲೆ ಡಿ, ಇ, ನಕ್ಷತ್ರ, ಎಲ್, ನಕ್ಷತ್ರ ಎಂದು ಮತ್ತೊಮ್ಮೆ. ಸಂಬಂಧವಿಲ್ಲದವರೂ ಬರುತ್ತಾರೆ. ಮೊದಲ ಹೆಸರು, ವರ್ಷ, ಕೌಂಟಿ ಸೇರಿಸಿದರೆ ಪಟ್ಟಿ ಹಿಡಿತಕ್ಕೆ ಬರುತ್ತದೆ. ಮೊದಲ ಹೆಸರನ್ನೂ ಪೂರ್ತಿ ನಂಬಬೇಡಿ. ಜಾನ್ ಜಾನ್ ಆಗಿಯೇ ಇರುತ್ತಾರೆ, ಆದರೆ ಅವರ ಅಕ್ಕತಂಗಿಯರಲ್ಲಿ ಜಾನೆಟ್ ಇದ್ದರೆ ಇನ್ನೊಂದು ದಾಖಲೆಯಲ್ಲಿ ಜೆಸ್ಸಿ ಆಗಿರಬಹುದು. ಡೊನಾಲ್ಡ್ ಡೇನಿಯಲ್ ಆಗುವುದು, ಪೀಟರ್ ಪ್ಯಾಟ್ರಿಕ್ ಆಗುವುದು ಅಲ್ಲಿ ಮಾಮೂಲು.

ಈಗ ಕೆಲಸದ ಕ್ರಮ. ನೇರ ಸ್ಕಾಟ್ಲೆಂಡಿಗೆ ಹಾರಬೇಡಿ. ಮೊದಲು ಇಲ್ಲಿಯ ಕಾಗದ ಮುಗಿಸಿ. ಕೊಡಗಿನ ಇಂಗ್ಲಿಷ್ ಚಾಪ್ಲಿನ್‌ಗಳು, ಅಂದರೆ ಅಲ್ಲಿಯ ಇಂಗ್ಲಿಷರಿಗಾಗಿ ಇದ್ದ ಪಾದ್ರಿಗಳು, ಬರೆದ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ನಕಲು ಮದರಾಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸಿನ ಸಾಲಿನಲ್ಲಿವೆ. ಫೈಂಡ್‌ಮೈಪಾಸ್ಟ್ ತಾಣದಲ್ಲಿ ಚಿತ್ರಗಳಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿಯೇ ಇರುವ ಫಿಬಿಸ್ ಸಂಘದ ಸೂಚಿಯನ್ನು ಉಚಿತವಾಗಿ ನೋಡಬಹುದು. ನಿಮಗೆ ಬೇಕಾದದ್ದು 1875ರಿಂದ 1885ರವರೆಗಿನ ಸಮಾಧಿ ದಾಖಲೆ. ಅದರಲ್ಲಿ ವಯಸ್ಸು ಇರುತ್ತದೆ, ಕಸುಬು ಇರುತ್ತದೆ. ಲಂಡನ್ನಿನಲ್ಲಿರುವುದು ನಕಲಿನ ನಕಲು ಎಂಬುದು ನೆನಪಿರಲಿ. ಒಂದೊಂದು ಸಲ ನಕಲು ಮಾಡುವಾಗಲೂ ಹೆಸರು ಒಂದಿಷ್ಟು ಸವೆಯುತ್ತದೆ, ಹಾಗಾಗಿ ಇಲ್ಲಿಯ ಚರ್ಚಿನಲ್ಲಿ ಮೂಲ ಪುಸ್ತಕ ಉಳಿದಿದ್ದರೆ ಅದನ್ನೂ ನೋಡಿ. ಸ್ಕಾಟ್ಲೆಂಡಿನವರದು ಹೆಚ್ಚಾಗಿ ಇಂಗ್ಲಿಷರ ಚರ್ಚಿಗಿಂತ ಬೇರೆಯಾದ ಪ್ರೆಸ್ಬಿಟೇರಿಯನ್ ಪಂಥ. ಕೊಡಗಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚನ್ನು ವಿಚಾರಿಸಿ.

ಮುತ್ತಜ್ಜಿಯ ದೀಕ್ಷಾಸ್ನಾನ ಮಾಡಿಸಿದವರು ಯಾರು ಎಂದು ನೀವು ಬರೆದಿಲ್ಲ. ಅವರು ಬಾಸೆಲ್ ಮಿಷನ್ನಿನವರಾಗಿದ್ದರೆ ವಿಷಯ ಬೇರೆ. ಕೊಡಗಿನಲ್ಲಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲೇ ಮಿಷನ್ನಿನ ಕೆಲಸಕ್ಕೆ ತೊಡಗಿದ್ದರು, ಆನಂದಪುರದಲ್ಲಿ ನೆಲೆ ಇತ್ತು. ಜರ್ಮನ್ ಮಾತನಾಡುವ ಪಾದ್ರಿ ಸ್ಕಾಟ್ಸ್ ಹೆಸರನ್ನು ತನ್ನ ಕಿವಿಗೆ ಕೇಳಿದಂತೆ ಬರೆದರೆ 'ಡೀಲ್' ಆಗುವುದು ಸಹಜ. ಆ ಮಿಷನ್ನಿನ ಕಾಗದಪತ್ರಗಳಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರವನ್ನೂ ಕೇಳಬೇಕು.

ಆಮೇಲೆ ಉಯಿಲು. ತೋಟದ ಪಾಲು, ಕುದುರೆ, ಬಂದೂಕು, ಬರಬೇಕಾದ ಸಂಬಳ ಏನೇ ಉಳಿದಿದ್ದರೂ ಅದರ ವಿಲೇವಾರಿಗೆ ಕಾಗದ ಹುಟ್ಟಿರುತ್ತದೆ, ಅದರಲ್ಲಿ ಊರಿನಲ್ಲಿರುವ ತಂದೆಯೋ ಅಕ್ಕನೋ ಹೆಸರಿನಿಂದ ಬಂದೇ ಬರುತ್ತಾರೆ. ಮದರಾಸಿನ ಉಯಿಲುಗಳೂ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಅವರಿಗೆ ಸ್ಕಾಟ್ಲೆಂಡಿನ ಬ್ಯಾಂಕಿನಲ್ಲಿ ಹಣವಿದ್ದಿದ್ದರೆ ಅಲ್ಲಿಯೂ ನ್ಯಾಯಾಲಯದ ದೃಢೀಕರಣ ಬೇಕಾಗುತ್ತಿತ್ತು. 1876ರಿಂದ ಇಂಥ ದೃಢೀಕರಣಗಳ ವಾರ್ಷಿಕ ಪಟ್ಟಿ ಅಚ್ಚಾಗುತ್ತಿತ್ತು: ಸತ್ತವರ ಹೆಸರು, ಸತ್ತ ದಿನ, ಸ್ಥಳ, ಆಸ್ತಿ ನೋಡಿಕೊಂಡವರ ಹೆಸರು ಎಲ್ಲ ಇರುತ್ತವೆ. ಹೊರದೇಶದಲ್ಲಿ ಸತ್ತವರ ವ್ಯವಹಾರ ಸಾಮಾನ್ಯವಾಗಿ ಎಡಿನ್‌ಬರೋ ನ್ಯಾಯಾಲಯಕ್ಕೆ ಹೋಗುತ್ತಿತ್ತು. ಡಿ ಅಕ್ಷರದ ಪುಟಗಳಲ್ಲಿ 'ಕೂರ್ಗ್' ಎಂಬ ಪದ ಕಂಡರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಹಡಗಿನ ಪ್ರಯಾಣಿಕರ ಪಟ್ಟಿಗೆ ಮಾತ್ರ ಹೊತ್ತು ಕಳೆಯಬೇಡಿ. ಬ್ರಿಟನ್ನಿನಿಂದ ಹೊರಟವರ ಪಟ್ಟಿಗಳು ವ್ಯವಸ್ಥಿತವಾಗಿ ಉಳಿದಿರುವುದು 1890ರಿಂದ ಈಚೆಗೆ. ಇನ್ನೊಂದು ಸಾಧ್ಯತೆ, ಅವರು ಮೊದಲು ಸಿಲೋನಿಗೆ ಹೋಗಿ ಆಮೇಲೆ ಕೊಡಗಿಗೆ ಬಂದಿರಬಹುದು. ಸಿಲೋನಿನ ಕಾಫಿ ತೋಟಗಳಲ್ಲಿ ಸ್ಕಾಟ್ಲೆಂಡಿನವರು ತುಂಬಿದ್ದರು, 1869ರಲ್ಲಿ ಅಲ್ಲಿ ಕಾಫಿ ಗಿಡಗಳಿಗೆ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು, ಅವರು ಅಲ್ಲಿಂದ ಹೊರಟದ್ದು ಅದೇ ಕಾರಣಕ್ಕೆ ಇರಬಹುದು. ಫರ್ಗುಸನ್ ಹೆಸರಿನ ಸಿಲೋನ್ ಡೈರೆಕ್ಟರಿಗಳಲ್ಲಿ ತೋಟದವರ ಪಟ್ಟಿ ಇದೆ.

ಇನ್ನು ಹ್ಯಾಮಿಲ್ಟನ್. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಬೆಲೆಬಾಳುವಂತೆ ಕಂಡದ್ದು ಈ ಒಂದು ಪದ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಇರುವಂತೆ ಸ್ಕಾಟ್ಲೆಂಡಿನಲ್ಲೂ ರೂಢಿ ಇತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯದು. ಕಾನೂನೇನಲ್ಲ, ಮುರಿದವರೂ ಉಂಟು. ಆದರೆ ಅಜ್ಜಿಯ ಹೆಸರಿಡುವಾಗ ಅವಳ ತವರಿನ ಹೆಸರನ್ನೂ ಸೇರಿಸಿ ಮಗುವಿನ ನಡುಹೆಸರು ಮಾಡುವುದು ತುಂಬ ಸಾಮಾನ್ಯ. ಇಲ್ಲಿಯ ತಾಯಿಯ ಕಡೆಯ ಹೆಸರು ಆ ಮಗುವಿಗೆ ಬಂದಿಲ್ಲವಾದ್ದರಿಂದ, ದೊರೆ ತನ್ನ ತಾಯಿಯ ಹೆಸರನ್ನೇ ಮಗಳಿಗೆ ಇಟ್ಟಿರುವ ಸಂಭವ ಹೆಚ್ಚು. ಅಂದರೆ ಜಾನ್ ಅವರ ತಾಯಿಯ ತವರು ಮನೆಯ ಹೆಸರು ಹ್ಯಾಮಿಲ್ಟನ್, ಮೊದಲ ಹೆಸರು ನಿಮ್ಮ ಮುತ್ತಜ್ಜಿಯದೇ. ಹ್ಯಾಮಿಲ್ಟನ್ ಪಟ್ಟಣ ಇರುವುದು ಮದರ್‌ವೆಲ್ಲಿಗೆ ಅಂಟಿಕೊಂಡು, ಆ ಮನೆತನ ಲಾನಾರ್ಕ್‌ಶೈರಿನಲ್ಲಿ ಹರಡಿದೆ. ಎರಡು ಹೆಸರೂ ಒಂದೇ ಕಡೆ ಕೈ ತೋರಿಸುತ್ತಿವೆ. ಇದು ಇನ್ನೂ ಊಹೆಯೇ, ಆದರೆ ಪರೀಕ್ಷಿಸಬಹುದಾದ ಊಹೆ.

ಪರೀಕ್ಷಿಸಲು ಸಾಧ್ಯವಾಗುವುದಕ್ಕೆ ಸ್ಕಾಟ್ಲೆಂಡಿನ ಒಂದು ಒಳ್ಳೆಯ ಪದ್ಧತಿ ಕಾರಣ. ಅಲ್ಲಿ ಮದುವೆಯಾದ ಮೇಲೂ ಹೆಣ್ಣಿನ ತವರಿನ ಹೆಸರು ಕಾಗದದಲ್ಲಿ ಅಳಿಯುವುದಿಲ್ಲ. ಹಳೆಯ ಪ್ಯಾರಿಷ್ ಪುಸ್ತಕಗಳಲ್ಲಿ ಮಗುವಿನ ದೀಕ್ಷಾಸ್ನಾನ ಬರೆಯುವಾಗ ತಾಯಿಯ ತವರಿನ ಹೆಸರು ಸಾಮಾನ್ಯವಾಗಿ ಇರುತ್ತದೆ, ಗೋರಿಕಲ್ಲಿನ ಮೇಲೂ ಇರುತ್ತದೆ. ಆದ್ದರಿಂದ ಹುಡುಕಾಟವನ್ನು ತಿರುಗಿಸಿ. ಫ್ಯಾಮಿಲಿಸರ್ಚ್ ತಾಣದಲ್ಲಿ ಮಗುವಿನ ಹೆಸರು ಖಾಲಿ ಬಿಟ್ಟು, ತಂದೆ ತಾಯಿಯ ಹೆಸರಷ್ಟೇ ಕೊಟ್ಟು ಹುಡುಕಬಹುದು. ತಾಯಿಯನ್ನು ಹ್ಯಾಮಿಲ್ಟನ್ ಎಂದು ಗಟ್ಟಿ ಮಾಡಿ, ತಂದೆಯ ಮನೆತನಕ್ಕೆ ನಕ್ಷತ್ರ ಹಾಕಿ, ಲಾನಾರ್ಕ್‌ಶೈರ್, 1830ರಿಂದ 1850 ಎಂದು ಕೊಡಿ. ಒಂದೇ ದಂಪತಿಯ ಮಕ್ಕಳು ಮೂರು ಕಾಗುಣಿತಗಳಲ್ಲಿ ಸಾಲಾಗಿ ಬಂದರೂ ತಾಯಿ ಒಬ್ಬಳೇ ಆಗಿರುತ್ತಾಳೆ. ಕುಟುಂಬ ಕೂಡಿಕೊಳ್ಳುವುದು ಹಾಗೆ.

ಏನೂ ಬಾರದಿದ್ದರೆ ಎದೆಗುಂದಬೇಡಿ. ಹಳೆಯ ಪ್ಯಾರಿಷ್ ಪುಸ್ತಕಗಳಲ್ಲಿ ಅತ್ಯಂತ ಹಳೆಯದು 1553ರಷ್ಟು ಹಿಂದಿನದು, ಪರ್ತ್‌ಶೈರಿನ ಎರಲ್ ಪ್ಯಾರಿಷ್‌ದು. ಆದರೆ ಆ ಪುಸ್ತಕಗಳು ಅಧಿಕೃತ ಚರ್ಚಿನವು ಮಾತ್ರ, ತುಂಬ ಮಕ್ಕಳು ಅವುಗಳಲ್ಲಿ ಸೇರಲೇ ಇಲ್ಲ. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಆದಾಗ ಬಹಳ ಕುಟುಂಬಗಳು ಆ ಕಡೆ ಹೋದವು. ಜಾನ್ ಹುಟ್ಟಿದ್ದು 1840ರ ಹೊತ್ತಿಗಾದರೆ ಅಣ್ಣಂದಿರ ಹೆಸರು ಅಧಿಕೃತ ಚರ್ಚಿನ ಪುಸ್ತಕದಲ್ಲಿದ್ದು, ತಮ್ಮಂದಿರದು ಫ್ರೀ ಚರ್ಚಿನ ಪುಸ್ತಕದಲ್ಲಿರಬಹುದು. ಇಡೀ ಮನೆಯನ್ನು ಒಟ್ಟಿಗೆ ಹುಡುಕಿ ಎಂದು ಹೇಳುವುದು ಇದಕ್ಕೇ.

1855ರ ಜನವರಿ 1ರಿಂದ ಸರ್ಕಾರಿ ನೋಂದಣಿ ಶುರುವಾಯಿತು, ಅಲ್ಲಿಂದ ನಿಮ್ಮ ಅದೃಷ್ಟ ಖುಲಾಯಿಸುತ್ತದೆ. ಸ್ಕಾಟ್ಲೆಂಡಿನ ಮರಣ ದಾಖಲೆಯಲ್ಲಿ ಸತ್ತವರ ತಂದೆ ತಾಯಿ ಇಬ್ಬರ ಹೆಸರೂ ಇರುತ್ತದೆ, ತಾಯಿಯದು ತವರಿನ ಹೆಸರಿನ ಸಮೇತ. ಅದೇ ಕಾಲದ ಇಂಗ್ಲೆಂಡಿನ ದಾಖಲೆಯಲ್ಲಿ ಇದು ಸಿಗುವುದಿಲ್ಲ. ಜಾನ್ ಸತ್ತದ್ದು ಕೊಡಗಿನಲ್ಲಾದ್ದರಿಂದ ಅವರದು ಅಲ್ಲಿಲ್ಲ, ನಿಜ. ಆದರೆ ಅವರ ಅಣ್ಣ, ಅಕ್ಕ, ತಂದೆ, ತಾಯಿ ಅಲ್ಲೇ ಸತ್ತಿರುತ್ತಾರಲ್ಲ. ಮಾಹಿತಿ ಕೊಟ್ಟವರು ನೆರೆಮನೆಯವರಾಗಿದ್ದರೆ ಹೆಸರು ತಪ್ಪಿರಬಹುದು, ಹೇಳಿದವರು ಯಾರು ಎಂಬ ಕಲಂ ಓದುವುದನ್ನು ಮರೆಯಬೇಡಿ. ಯಾರಾದರೂ 1855ರಲ್ಲೇ ಸತ್ತಿದ್ದರೆ ಅದೇ ಒಂದು ನಿಧಿ. ಆ ಒಂದು ವರ್ಷ ಮಾತ್ರ ಸತ್ತವರು ಹುಟ್ಟಿದ ಊರನ್ನೂ ಮಕ್ಕಳ ಪಟ್ಟಿಯನ್ನೂ ಕೇಳಿ ಬರೆದುಕೊಂಡರು. ಮರುವರ್ಷದಿಂದ ಅಷ್ಟು ಬರೆಯುವುದನ್ನು ಬಿಟ್ಟುಬಿಟ್ಟರು.

ಜನಗಣತಿಯಿಂದ ಸೋಸುವ ಕೆಲಸ ಮಾಡಿ. 1841, 1851, 1861ರ ಗಣತಿಗಳಲ್ಲಿ ನಿಮ್ಮ ಜಾನ್‌ಗೆ ಸುಮಾರು ಒಂದು, ಹನ್ನೊಂದು, ಇಪ್ಪತ್ತೊಂದು ವರ್ಷ. 1841ರದ್ದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, ತಂದೆ ತಾಯಿಯ ವಯಸ್ಸು ಹೊಂದುವುದಿಲ್ಲವೆಂದು ಆ ಮನೆಯನ್ನು ಬಿಡಬೇಡಿ. ಹುಟ್ಟಿದ ಪ್ಯಾರಿಷ್ ಸಿಗುವುದು 1851ರಿಂದ. ಈ ವಯಸ್ಸಿನ ಜಾನ್‌ಗಳನ್ನೆಲ್ಲ, ಕಾಗುಣಿತ ಯಾವುದೇ ಇರಲಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಬ್ಬೊಬ್ಬರನ್ನೇ ಮುಂದಕ್ಕೆ ಹಿಂಬಾಲಿಸಿ. ಅಲ್ಲೇ ಮದುವೆಯಾಗಿ 1881ರಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದವರು ನಿಮ್ಮವರಲ್ಲ. ಚಿಕ್ಕಂದಿನಲ್ಲೇ ತೀರಿಕೊಂಡವರೂ ಅಲ್ಲ. ಗಣತಿಯಿಂದ ಮಾಯವಾಗಿ, ಅಲ್ಲಿ ಸತ್ತ ದಾಖಲೆಯೂ ಇಲ್ಲದವರು ಒಬ್ಬಿಬ್ಬರು ಉಳಿಯುತ್ತಾರೆ. ಅವರಲ್ಲಿ ಹ್ಯಾಮಿಲ್ಟನ್ ತಾಯಿ ಯಾರಿಗಿದ್ದಾಳೆ ನೋಡಿ. ಆ ಮನೆಯ ಕಸುಬು ತೋಟಗಾರಿಕೆಯೋ ಬೇಸಾಯವೋ ಆಗಿದ್ದರೆ ಇನ್ನೂ ಒಳ್ಳೆಯದು, ಕ್ಲೈಡ್ ಕಣಿವೆ ಹಣ್ಣಿನ ತೋಟಗಳ ಸೀಮೆ. ಊರಿನ ಚರ್ಚಿನಂಗಳದ ಗೋರಿಕಲ್ಲುಗಳಲ್ಲಿ ತಂದೆ ತಾಯಿಯ ಹೆಸರಿನ ಕೆಳಗೆ 'ಇಂಡಿಯಾದಲ್ಲಿ ತೀರಿಕೊಂಡ ಮಗ' ಎಂದು ಕೆತ್ತಿಸುವ ರೂಢಿಯಿತ್ತು. ಅಲ್ಲಿಯ ಕುಟುಂಬ ಇತಿಹಾಸ ಸಂಘಗಳು ಇಂಥ ಬರಹಗಳನ್ನು ಪಟ್ಟಿ ಮಾಡಿ ಇಟ್ಟಿವೆ. ಲಾನಾರ್ಕ್‌ಶೈರಿನ ಸಂಘಕ್ಕೆ ಒಂದು ಇಮೇಲ್ ಬರೆಯಿರಿ.

ನಡುವೆ ಯಾರಾದರೂ ಅರ್ಲ್‌ಗಳ ವಂಶವೃಕ್ಷ ತಂದು ಅಂಟಿಸಿದರೆ ಒಪ್ಪಿಕೊಳ್ಳಬೇಡಿ. ಜಹಗೀರಿನ ಹೆಸರನ್ನು ಅದರ ಒಕ್ಕಲುಗಳೂ ಇಟ್ಟುಕೊಂಡಿರಬಹುದು, ಹೆಸರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಆಗುವುದಿಲ್ಲ. ಹೆಸರು ಬೇರೆಯಾದ ಮಾತ್ರಕ್ಕೆ ರಕ್ತ ಬೇರೆಯೂ ಆಗುವುದಿಲ್ಲ. ಒಬ್ಬ ವ್ಯಕ್ತಿ ನಿಮ್ಮವರು ಎನ್ನಲು ವಯಸ್ಸು, ತಾಯಿ, ಊರು, ಕಸುಬು, ಕಾಣೆಯಾದ ಕಾಲ ಇವುಗಳಲ್ಲಿ ಮೂರು ನಾಲ್ಕಾದರೂ ಕೂಡಿಬರಬೇಕು.

ಡಿಎನ್‌ಎ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುವವರಿದ್ದೀರಿ. ತಂದೆಯಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮಿನ ಪರೀಕ್ಷೆಯನ್ನು ಮನೆತನದ ಹೆಸರು ಹುಡುಕುವವರು ಮಾಡಿಸುತ್ತಾರೆ. ನಿಮ್ಮದು ಮುತ್ತಜ್ಜಿಯ ಮೂಲಕ ಬಂದ ಸಾಲು, ಹಾಗಾಗಿ ನಿಮ್ಮ ತಮ್ಮ ಮಾಡಿಸಿದರೂ ಪ್ರಯೋಜನವಿಲ್ಲ. ತಂದೆ ತಾಯಿ ಇಬ್ಬರ ಕಡೆಯಿಂದ ಬಂದದ್ದನ್ನೂ ನೋಡುವ ಸಾಮಾನ್ಯ ಆಟೋಸೋಮಲ್ ಪರೀಕ್ಷೆ ಆಗಬಹುದು. ಜಾನ್ ಅವರಿಂದ ನಿಮಗೆ ಬಂದಿರುವುದು ಸರಾಸರಿ ನೂರರಲ್ಲಿ ಆರು ಪಾಲು. ಅವರ ಒಡಹುಟ್ಟಿದವರ ಈಗಿನ ಸಂತತಿಯಲ್ಲಿ ನಿಮ್ಮ ತಲೆಮಾರಿನವರ ಜೊತೆ ಹೊಂದಿಕೆ ಕಾಣುವುದು ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ. ಆದ್ದರಿಂದ ನಿಮಗಿಂತ ಮೊದಲು ಆ ಕಡೆಯ ಹಿರಿಯರದು ಮಾಡಿಸಿ. ತಾಯಿಯೋ ದೊಡ್ಡಮ್ಮನೋ ಸೋದರಮಾವನೋ ಬದುಕಿದ್ದರೆ, ಅವರ ಒಪ್ಪಿಗೆ ಇದ್ದರೆ, ತಡಮಾಡಬೇಡಿ.

ಕೊನೆಯದಾಗಿ ಆ ಖಾಲಿ ಜಾಗ. ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಅಜ್ಜಿಯ ತವರಿನ ಹೆಸರು ನೂರೆಂಬತ್ತು ವರ್ಷದ ಹಿಂದಿನದಾದರೂ ಸಿಕ್ಕೀತು. ಇಲ್ಲಿಯ ತಾಯಿಯ ಹೆಸರನ್ನು ಪಾದ್ರಿ ಬರೆಯಲೇ ಇಲ್ಲ. ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ, ದೊರೆಗಳ ಮಕ್ಕಳ ದಾಖಲೆಗಳಲ್ಲಿ ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಂಕಟವಾಗುತ್ತದೆ. ಅವರನ್ನೂ ಹುಡುಕಿ. ಮುತ್ತಜ್ಜಿಯ ಮದುವೆಯ ದಾಖಲೆ, ಅವರು ಸತ್ತಾಗ ಬರೆಸಿದ ದಾಖಲೆ, ದೊರೆ ಯಾವುದಾದರೂ ತುಂಡು ಜಮೀನನ್ನೋ ಮನೆಯನ್ನೋ ಅವರಿಗೆ ಬಿಟ್ಟಿದ್ದರೆ ಅದರ ಕಂದಾಯದ ಕಾಗದ, ಉಯಿಲಿನಲ್ಲಿ ಯಾವುದಾದರೂ ಹೆಣ್ಣಿನ ಹೆಸರಿಗೆ ಬರೆದ ತಿಂಗಳ ಹಣ, ಇವುಗಳಲ್ಲಿ ಅವರು ಇಣುಕಬಹುದು. ಆ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ ತಿರುಚಿಕೊಂಡಿರುತ್ತದೆ. ಜೋರಾಗಿ ಓದಿ ನೋಡಿ. ನಿಮ್ಮ ಸೀಮೆಯ ಹೆಸರು ನಿಮ್ಮ ಕಿವಿಗೆ ಬೇಗ ಗೊತ್ತಾಗುತ್ತದೆ.

ಸಮಾಧಿ ದಾಖಲೆ ಸಿಕ್ಕ ಕೂಡಲೇ ಅದರಲ್ಲಿರುವ ವಯಸ್ಸನ್ನೂ, ದೀಕ್ಷಾಸ್ನಾನ ಮಾಡಿಸಿದವರ ಹೆಸರನ್ನೂ ನನಗೆ ತಿಳಿಸಿ. ಲಾನಾರ್ಕ್‌ಶೈರಿನ ಜಾನ್‌ಗಳ ಪಟ್ಟಿಯಲ್ಲಿ ಯಾರನ್ನು ಬಿಡಬೇಕು, ಯಾರನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಆಮೇಲೆ ಸೇರಿ ನೋಡೋಣ.